ಊರ ಶಾಲೆಗೆ ಕೈ ಹಾಕುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಸರ್ಕಾರಿ ಶಾಲೆಗಳ ದುರಸ್ತಿಯ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸುತ್ತಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ. ಕೆಲವರು ಕೋರಿದ್ದರಿಂದ ಯಾರ ಹೆಸರನ್ನೂ ಊರನ್ನೂ ಹಾಕದೆ ತಾಲ್ಲೂಕನ್ನು ಮಾತ್ರ ಹಾಕಿದ್ದೇನೆ. ನಾನು ಈ ಸೀಮೆಯ ಹಳ್ಳಿಗಳಲ್ಲಿ ಮೇಷ್ಟ್ರಾಗಿ, ಕೊನೆಗೆ ಮುಖ್ಯ ಶಿಕ್ಷಕನಾಗಿ ದುಡಿದು ನಿವೃತ್ತನಾದವನು. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಕಂಡು ಕಲಿತದ್ದು, ಉಳಿದದ್ದು ಕೆಡಿಸಿ ಕಲಿತದ್ದು.

ನಮ್ಮೂರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿ ಈಗ ದಾವಣಗೆರೆ, ಬೆಂಗಳೂರುಗಳಲ್ಲಿ ಕೆಲಸದಲ್ಲಿರುವ ಮೂವತ್ತು ಜನ ಸೇರಿ ಒಂದಿಷ್ಟು ಹಣ ಕೂಡಿಸಿದ್ದೇವೆ. ಎರಡು ಭಾನುವಾರ ಬಂದು ಶಾಲೆಗೆ ಬಣ್ಣ ಬಳಿದು, ಗೋಡೆಗಳ ಮೇಲೆ ಚಿತ್ರ ಬರೆಸಬೇಕೆಂದಿದ್ದೇವೆ. ಊರಿನವರು ಮಾತ್ರ ‘ಮಾಡ್ರಪ್ಪ, ಒಳ್ಳೇದು’ ಎಂದು ಸುಮ್ಮನಾಗುತ್ತಾರೆ. ಅವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು ಹೇಗೆ?
— ಹಳೆಯ ವಿದ್ಯಾರ್ಥಿ, ಜಗಳೂರು ತಾಲ್ಲೂಕು

‘ಮಾಡ್ರಪ್ಪ, ಒಳ್ಳೇದು’ ಎಂಬ ಮಾತಿನಲ್ಲಿ ನಿಮಗೆ ಉದಾಸೀನ ಕಂಡಿದೆ, ನನಗೆ ಸಂಕೋಚ ಕಾಣುತ್ತದೆ. ಏನು ಮಾಡಬೇಕು, ಯಾವ ದಿನ ಮಾಡಬೇಕು, ಎಷ್ಟು ಖರ್ಚು ಮಾಡಬೇಕು ಎಂಬುದೆಲ್ಲ ಬೆಂಗಳೂರಿನಲ್ಲೇ ತೀರ್ಮಾನವಾಗಿ ಬಂದಿರುವಾಗ ಊರಿನವರು ಇನ್ನೇನು ಹೇಳಿಯಾರು? ನಮ್ಮ ಸೀಮೆಯಲ್ಲಿ ಒಬ್ಬರ ಹೊಲದ ಕಳೆಗೋ ಕಟಾವಿಗೋ ಇನ್ನೊಂದು ಮನೆಯವರು ಹೋಗಿ ದುಡಿದು, ಆ ದುಡಿಮೆಯನ್ನು ಮುಂದೆ ತಮ್ಮ ಹೊಲದಲ್ಲಿ ದುಡಿಮೆಯಾಗಿಯೇ ಮರಳಿ ಪಡೆಯುವ ಮುಯ್ಯಾಳು ಪದ್ಧತಿ ಇತ್ತು, ಕೆಲವು ಊರುಗಳಲ್ಲಿ ಈಗಲೂ ಇದೆ. ಮುಯ್ಯಾಳಾಗಿ ಹೋಗುವವರು ಹೊಲದವರು ಕರೆದ ದಿನ ಹೋಗುತ್ತಾರೆ, ಅವರು ತೋರಿಸಿದ ಸಾಲು ಹಿಡಿಯುತ್ತಾರೆ. ನೀವೂ ಶಾಲೆಗೆ ಹಾಗೆಯೇ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಆ ಶಾಲೆಯಲ್ಲಿ ನೀವು ಕಲಿತದ್ದರ ಮುಯ್ಯಿ ತೀರಿಸಲು ಹೋಗುತ್ತಿದ್ದೀರಿ, ಆದರೆ ಸಾಲು ತೋರಿಸಬೇಕಾದವರು ಈಗ ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ತಂದೆತಾಯಿಯರು.

ಆದ್ದರಿಂದ ಮೊದಲ ಸಲ ಬಣ್ಣದ ಡಬ್ಬ ಒಯ್ಯಬೇಡಿ, ಭಾನುವಾರವೂ ಹೋಗಬೇಡಿ. ಶಾಲೆ ನಡೆಯುವ ದಿನ ನಾಲ್ಕೈದು ಜನ ಹೋಗಿ, ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಶಾಲೆಯನ್ನು ಸುಮ್ಮನೆ ಒಂದು ಸುತ್ತು ನೋಡಿ. ಬಿಸಿಯೂಟ ಬೇಯಿಸುವ ತಾಯಂದಿರನ್ನು ಮಾತನಾಡಿಸಿದರೆ ಹೊಗೆ ಎಲ್ಲಿ ಕಟ್ಟಿಕೊಳ್ಳುತ್ತದೆ, ಪಾತ್ರೆ ತೊಳೆಯುವ ನೀರನ್ನು ಎಷ್ಟು ದೂರದಿಂದ ಹೊರುತ್ತಾರೆ ಎಂಬುದು ತಿಳಿಯುತ್ತದೆ. ಐದು, ಆರನೆಯ ತರಗತಿಯ ಮಕ್ಕಳನ್ನು ಮಳೆ ಬಂದಾಗ ಯಾವ ಬೆಂಚನ್ನು ಸರಿಸುತ್ತೀರೆಂದು ಕೇಳಿ. ಅವರು ಎದ್ದು ಹೋಗಿ ಜಾಗವನ್ನೇ ತೋರಿಸುತ್ತಾರೆ. ಅದೇ ಸಂಜೆ, ಹೊಲಕ್ಕೆ ಹೋದವರು ಹಿಂದಿರುಗಿ ಕೈಕಾಲು ತೊಳೆದ ಮೇಲೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆಯಿರೆಂದು ಕೇಳಿಕೊಳ್ಳಿ. ನಮ್ಮಲ್ಲಿ ಎಸ್‌ಡಿಎಂಸಿ ಎಂದು ಕರೆಯುವ ಈ ಸಮಿತಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಬಲವಿದೆ. ಅದರ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ತಯಾರಿಸಬೇಕಾದವರೂ ಅವರೇ. ನೀವು ಕಂಡದ್ದನ್ನು ಅಲ್ಲಿ ಹೇಳಿ, ಎಷ್ಟು ಹಣವಿದೆಯೆಂದು ಮುಚ್ಚುಮರೆಯಿಲ್ಲದೆ ತಿಳಿಸಿ, ಮೊದಲು ಯಾವುದಾಗಬೇಕೆಂದು ಕೇಳಿ ಸುಮ್ಮನಾಗಿ. ಆ ಮೌನವನ್ನು ಸ್ವಲ್ಪ ಹೊತ್ತು ಸಹಿಸಿಕೊಂಡರೆ ಮಾತು ಹೊರಡುತ್ತದೆ.

ಬಣ್ಣದ ವಿಷಯದಲ್ಲಿ ನನ್ನ ಅನುಭವವನ್ನು ಹೇಳಲೇಬೇಕು. ನಾನಿದ್ದ ಶಾಲೆಯೊಂದಕ್ಕೆ ಗೆಳೆಯರ ಬಳಗವೊಂದು ಬಂದು ಒಂದೇ ದಿನದಲ್ಲಿ ಹೊರಗೋಡೆಯನ್ನೆಲ್ಲ ರೈಲಿನ ಬೋಗಿಗಳಂತೆ ಬಣ್ಣ ಬಳಿದು ಹೋಯಿತು. ಮಕ್ಕಳು ಕುಣಿದಾಡಿದರು. ಮೇಲೆ ಚಾವಣಿ ಸೋರುತ್ತಿದೆಯೆಂದು, ಗೋಡೆ ಒಳಗೊಳಗೇ ನೀರು ಕುಡಿದಿದೆಯೆಂದು ಹೇಳಲು ಅವರ ಉತ್ಸಾಹ ಕಂಡ ನನಗೆ ಬಾಯಿ ಬರಲಿಲ್ಲ. ಆ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಕಿಟಕಿಗಳ ಕೆಳಗೆ ಬಣ್ಣ ಹಪ್ಪಳದಂತೆ ಉಬ್ಬಿ ಎದ್ದಿತು. ಮೂರನೆಯ ತರಗತಿಯ ಮಕ್ಕಳು ಅದನ್ನು ಉಗುರಿನಿಂದ ಕಿತ್ತು ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಳ್ಳುತ್ತಿದ್ದರು. ಬಂದವರ ತಪ್ಪು ಅದರಲ್ಲಿರಲಿಲ್ಲ, ಹೇಳಬೇಕಾದದ್ದನ್ನು ಹೇಳದ ತಪ್ಪು ನನ್ನದು. ಅಂದಿನಿಂದ ಯಾರು ಕೇಳಿದರೂ ಚಾವಣಿ, ನೀರು, ಶೌಚಾಲಯ, ವಿದ್ಯುತ್ ತಂತಿ ಈ ನಾಲ್ಕೂ ಸರಿಯಾದ ಮೇಲೆ ಬಣ್ಣದ ಮಾತೆತ್ತಿ ಎನ್ನುತ್ತೇನೆ. ಬಣ್ಣ ಕೊಳ್ಳುವಾಗಲೂ ಡಬ್ಬದ ಮೇಲೆ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90) ಮೀರಿಲ್ಲವೆಂದು ನಮೂದಾಗಿದೆಯೇ ನೋಡಿ, ಆ ಮಿತಿ ನಮ್ಮ ದೇಶದಲ್ಲಿ 2017ರಿಂದ ಕಡ್ಡಾಯವಾಗಿದೆ. ಹಳೆಯ ಬಾಗಿಲು, ಕಿಟಕಿಗಳ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಂಭವವಿರುವುದರಿಂದ ಅದನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸದೆ ಒದ್ದೆ ಮಾಡಿ ಉಜ್ಜಬೇಕು, ಆ ಹೊತ್ತಿನಲ್ಲಿ ಮಕ್ಕಳು ಆವರಣದಲ್ಲಿರಬಾರದು.

ಇನ್ನು ಕಾಲದ ಮಾತು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ವರ್ಷದಲ್ಲೇ ಅತಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ, ಶೇಂಗಾ ಕೀಳುವ ಗಡಿಬಿಡಿಯೂ ಅದರ ಬೆನ್ನಿಗೇ ಬರುತ್ತದೆ. ಪಟ್ಟಣದವರಿಗೆ ಅನುಕೂಲವೆಂದು ದಸರಾ ರಜೆಯಲ್ಲಿ ಕೆಲಸವಿಟ್ಟುಕೊಂಡರೆ ಊರಿನವರು ಬಾರದಿರುವುದಕ್ಕೆ ನೀವು ಬೇಸರಪಡುವಂತಿಲ್ಲ. ಯುಗಾದಿ ಕಳೆದು, ಊರಿನ ಜಾತ್ರೆ ಮುಗಿದು, ಮೇ ತಿಂಗಳ ಗುಡುಗು ಮಳೆ ಹಿಡಿಯುವುದಕ್ಕೆ ಮುಂಚಿನ ಬೇಸಿಗೆ ರಜೆ ಎಲ್ಲರಿಗೂ ಒದಗುವ ಕಾಲ.

ನಮ್ಮ ಶಾಲೆಯಲ್ಲಿ ಎರಡು ಕೋಣೆ ಹೆಂಚಿನವು, ಎರಡು ತಾರಸಿಯವು. ನಾಲ್ಕೂ ಸೋರುತ್ತವೆ. ತಾರಸಿಯ ಮೇಲೆ ಎರಡಂಗುಲ ಸಿಮೆಂಟ್ ಗಾರೆ ಹಾಕಿ, ಹೆಂಚನ್ನು ತೆಗೆದು ಶೀಟ್ ಹೊದಿಸಿದರೆ ಮುಗಿಯಿತು ಎನ್ನುತ್ತಾರೆ ಗಾರೆ ಕೆಲಸದವರು. ಊರಿನ ಯುವಕರು ಕೈಜೋಡಿಸುತ್ತೇವೆಂದಿದ್ದಾರೆ. ಹಾಗೆ ಮಾಡಬಹುದೇ?
— ಎಸ್‌ಡಿಎಂಸಿ ಅಧ್ಯಕ್ಷೆ, ಹೊಳಲ್ಕೆರೆ ತಾಲ್ಲೂಕು

ತಾಯಿ, ದಯವಿಟ್ಟು ಎರಡನ್ನೂ ಸದ್ಯಕ್ಕೆ ತಡೆಯಿರಿ. ನಾನೂರು ಚದರಡಿಯ ಒಂದು ಕೋಣೆಯ ಮೇಲೆ ಎರಡಂಗುಲ ಗಾರೆ ಹಾಕಿದರೆ ಮೂರೂವರೆಯಿಂದ ನಾಲ್ಕು ಟನ್ ಹೊಸ ಭಾರ ಬೀಳುತ್ತದೆ. ಆ ಭಾರವನ್ನು ಹೊರುವ ಶಕ್ತಿ ಹಳೆಯ ತಾರಸಿಗೆ ಉಳಿದಿದೆಯೇ ಎಂಬುದನ್ನು ಕೆಳಗೆ ನಿಂತು ತಲೆಯೆತ್ತಿ ನೋಡದೆ ನಿಶ್ಚಯಿಸುವಂತಿಲ್ಲ. ಒಳಗಿನಿಂದ ಗಾರೆ ಚಕ್ಕೆ ಎದ್ದು ಕಬ್ಬಿಣದ ಸರಳು ಕಾಣುತ್ತಿದ್ದರೆ, ಅಥವಾ ಸರಳಿನ ಉದ್ದಕ್ಕೂ ಕಂದು ಬಣ್ಣದ ಗೆರೆಯಂಥ ಬಿರುಕಿದ್ದರೆ, ಆ ಕೋಣೆಯಲ್ಲಿ ಮಕ್ಕಳನ್ನು ಕೂರಿಸುವುದನ್ನು ಇಂದೇ ನಿಲ್ಲಿಸಿ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತದೆ, ಉಬ್ಬುತ್ತ ಉಬ್ಬುತ್ತ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ, ಮೇಲೆ ಎಷ್ಟು ಗಾರೆ ಬಳಿದರೂ ಅದು ನಿಲ್ಲುವುದಿಲ್ಲ. ಇಂಥ ಕೋಣೆಯನ್ನು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಎಂಜಿನಿಯರು ಬಂದು ನೋಡಿ ಬರವಣಿಗೆಯಲ್ಲಿ ವರದಿ ಕೊಡಬೇಕು. ಅದಕ್ಕಾಗಿ ಸಮಿತಿಯ ಠರಾವಿನೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಶಾಲೆಯಲ್ಲಿಟ್ಟುಕೊಳ್ಳಿ. ಇಂಥ ಕೋಣೆಯ ದುರಸ್ತಿ ಸ್ವಯಂಸೇವಕರು ಮಾಡಬಾರದ ಕೆಲಸ, ಅದನ್ನು ಅವರಿಗೆ ಸ್ಪಷ್ಟವಾಗಿ ಹೇಳಿ.

ಸರಳು ಕಾಣದೆ ಬರೀ ತೇವದ ಕಲೆ ಇದ್ದರೆ ತಾರಸಿಯ ಮೇಲೆ ಹತ್ತಿ ನೋಡಿ. ನಾನು ಕಂಡ ಶಾಲೆಗಳಲ್ಲಿ ಅರ್ಧದಷ್ಟು ಸೋರಿಕೆಗೆ ಕಾರಣವಾಗಿದ್ದದ್ದು ಕಟ್ಟಿಕೊಂಡ ನೀರಿನ ಕೊಳವೆ. ಎಲೆ, ಚೆಂಡು, ಹರಿದ ಚಪ್ಪಲಿ, ಗುಬ್ಬಿ ಗೂಡಿನ ಹುಲ್ಲು ಎಲ್ಲ ಸೇರಿ ಬಾಯಿ ಮುಚ್ಚಿದ ಮೇಲೆ ತಾರಸಿ ಸಣ್ಣ ಕೆರೆಯಂತೆ ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ತಾರಸಿಯ ಅಂಚಿನ ಕೈಪಿಡಿ ಗೋಡೆಯ ಸಂದಿಯಲ್ಲಿ ಅರಳಿ ಸಸಿ ಹುಟ್ಟಿದ್ದರೆ ಮೇಲಿಂದ ಮುರಿದರೆ ಸಾಲದು, ಬೇರಿನ ಸಮೇತ ತೆಗೆದು ಸಂದಿಯನ್ನು ಮುಚ್ಚಬೇಕು. ಈ ಕೆಲಸಕ್ಕೆ ನಿಮ್ಮ ಊರಿನ ಯುವಕರು ಸಾಕು, ಖರ್ಚು ಬಹಳ ಕಡಿಮೆ. ಆಮೇಲೆ ನೀರು ಸಲೀಸಾಗಿ ಕೊಳವೆಗೆ ಹರಿಯುವಂತೆ ವಾಟ ಇದೆಯೇ ಎಂದು ನಾಲ್ಕು ಬಿಂದಿಗೆ ನೀರು ಸುರಿದು ಪರೀಕ್ಷಿಸಿ, ಬಿರುಕುಗಳನ್ನಷ್ಟೇ ತುಂಬಿಸಿ, ನೀರು ತಡೆಯುವ ಲೇಪವನ್ನು ತಿಳಿದವರ ಕೈಯಿಂದ ಹಾಕಿಸಿ.

ಹೆಂಚನ್ನು ಬಿಡಿಸಿ ಶೀಟ್ ಹೊದಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಬಿಸಿಲಿಗೆ ಮಾರ್ಚ್ ತಿಂಗಳಲ್ಲಿ ತಗಡಿನ ಕೆಳಗೆ ಕುಳಿತ ಮಗು ಪಾಠ ಕೇಳಲಾರದು, ಮಳೆ ಬಂದರೆ ಮೇಷ್ಟ್ರ ದನಿ ಎರಡನೆಯ ಸಾಲಿಗೂ ತಲುಪಲಾರದು. ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸುವಷ್ಟು ಗಾಳಿಯಿರುವ ಜಿಲ್ಲೆ ನಮ್ಮದು, ಆಷಾಢದ ಗಾಳಿಗೆ ಸಡಿಲ ಶೀಟ್ ಹಾರುವುದನ್ನು ನೀವೂ ಕಂಡಿರುತ್ತೀರಿ. ಹೆಂಚಿನ ಚಾವಣಿ ಸೋರುವುದು ಸಾಮಾನ್ಯವಾಗಿ ಒಡೆದ ಕೆಲವು ಹೆಂಚುಗಳಿಂದ, ಜರುಗಿದ ಮೂಲೆ ಹೆಂಚುಗಳಿಂದ, ಇಲ್ಲವೇ ಗೆದ್ದಲು ತಿಂದು ಬಾಗಿದ ರೀಪುಗಳಿಂದ. ಮರದ ತೊಲೆಯನ್ನು ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಮರ ಗಣ್ಣನೆ ದನಿ ಕೊಡುತ್ತದೆ, ಗೆದ್ದಲು ತಿಂದಲ್ಲಿ ಖಾಲಿ ಡಬ್ಬ ತಟ್ಟಿದಂತೆ ಬೊದ್ದು ದನಿ ಬರುತ್ತದೆ, ಆ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಒಬ್ಬ ವೃದ್ಧ ಬಡಗಿ ಕಣ್ಣು ಮುಚ್ಚಿಕೊಂಡು ಬರೀ ಕಿವಿಯಿಂದ ಇಡೀ ಚಾವಣಿಯ ಲೆಕ್ಕ ಹೇಳಿದ್ದನ್ನು ನಾನು ಏಣಿ ಹಿಡಿದು ನಿಂತು ಕೇಳಿದ್ದೇನೆ. ಊರಿನಲ್ಲಿ ಅಂಥವರು ಇದ್ದರೆ ಮೊದಲು ಅವರನ್ನು ಕರೆಯಿರಿ, ಅವರಿಗೆ ಕೂಲಿ ಕೊಡಿ.

ಹೆಂಚು ಕೊಳ್ಳುವ ಮುನ್ನ ಒಂದು ಮಾತು. ನೂರು ಚದರಡಿಗೆ ಸುಮಾರು 140ರಿಂದ 150 ಮಂಗಳೂರು ಹೆಂಚು ಬೇಕಾಗುತ್ತವೆ, ಆದರೆ ಬೇರೆ ಬೇರೆ ಕಾರ್ಖಾನೆಯ ಹೆಂಚುಗಳ ಅಂಚು ಒಂದರೊಳಗೊಂದು ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಅಲ್ಲೊಂದು ಇಲ್ಲೊಂದು ಹೊಸ ಹೆಂಚು ಸೇರಿಸದೆ, ಎರಡೂ ಇಳಿಜಾರಿನ ಗಟ್ಟಿ ಹೆಂಚುಗಳನ್ನು ಇಳಿಸಿ ಒಂದು ಬದಿಗೆ ಹೊದಿಸಿ, ಇನ್ನೊಂದು ಬದಿಗೆ ಪೂರ್ತಿ ಹೊಸದನ್ನೇ ಹಾಕಿಸಿ. ಹೆಂಚನ್ನು ಕೈಯಿಂದ ಕೈಗೆ ಸಾಗಿಸಿ ಇಳಿಸುವ ಕೆಲಸದಲ್ಲಿ ನಿಮ್ಮ ಊರಿನ ಯುವಕರೆಲ್ಲರಿಗೂ ಪಾಲು ಸಿಗುತ್ತದೆ. ಹಳೆಯ ಗೋಡೆ ಮಣ್ಣು, ಕಲ್ಲು, ಸುಣ್ಣದ್ದಾಗಿದ್ದರೆ ಅದಕ್ಕೆ ಸಿಮೆಂಟ್ ಮೆತ್ತಬೇಡಿ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಒಳಗೇ ಕೊಳೆಯುತ್ತದೆ. ಸುಣ್ಣದ ಗಾರೆ, ಮೇಲೆ ಸುಣ್ಣ, ಅಷ್ಟು ಸಾಕು. ಹಳೆಯ ಶೀಟ್‌ಗಳು ಕಲ್ನಾರಿನವು, ಅಂದರೆ ಆಸ್ಬೆಸ್ಟಾಸಿನವು, ಆಗಿದ್ದರೆ ಅವನ್ನು ಒಡೆಯುವುದಾಗಲಿ ಕೊರೆಯುವುದಾಗಲಿ ಬೇಡ, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹಿಂದಿರುಗಿ ಬರುವುದಿಲ್ಲ.

ದಾನಿಗಳು ಕಟ್ಟಿಸಿಕೊಟ್ಟ ಶೌಚಾಲಯಕ್ಕೆ ಒಂದು ವರ್ಷದಿಂದ ಬೀಗ ಬಿದ್ದಿದೆ. ನೀರಿಲ್ಲವೆಂಬುದು ಕಾರಣ. ಇರುವ ಕೊಳವೆಬಾವಿಯ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳಿವೆ. ಕಾಯಿಸಿ ಆರಿಸಿ ಕೊಡುತ್ತಿದ್ದೇವೆ. ಮುಂದಿನ ತಿಂಗಳು ಒಂದು ಸ್ವಯಂಸೇವಕ ತಂಡ ಬರುವುದಾಗಿ ಹೇಳಿದೆ. ಅವರಿಂದ ಏನು ಕೇಳಲಿ?
— ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಮೇಡಂ, ಮೊದಲು ಕಾಯಿಸುವುದನ್ನು ಕುರಿತು ಹೇಳುತ್ತೇನೆ. ನೀರು ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಗೆರೆ, ಆಮೇಲೆ ಕಂದು ಕಲೆ ಕಾಣಿಸಿದರೆ ಫ್ಲೋರೈಡನ್ನು ಶಂಕಿಸಲೇಬೇಕು, ನಮ್ಮ ಎರಡೂ ಜಿಲ್ಲೆಗಳ ಆಳದ ಕೊಳವೆಬಾವಿಗಳಲ್ಲಿ ಅದು ಹಳೆಯ ಪೀಡೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ನಿಮ್ಮ ನೀರನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಿ ಬರಹದಲ್ಲಿ ಫಲಿತಾಂಶ ಪಡೆಯಿರಿ. ಆ ಕಾಗದವಿದ್ದರೆ ಗ್ರಾಮ ಪಂಚಾಯಿತಿಯನ್ನು ಶುದ್ಧ ಕುಡಿಯುವ ನೀರಿನ ಘಟಕದಿಂದ ಶಾಲೆಗೆ ದಿನವೂ ನೀರು ಕೊಡಿರೆಂದು ಕೇಳಲು ನಿಮಗೆ ಬಲ ಬರುತ್ತದೆ.

ಬರುವ ತಂಡದಿಂದ ಮಳೆನೀರು ಸಂಗ್ರಹವನ್ನು ಕೇಳಿ. ಲೆಕ್ಕ ಹಾಕಿ ನೋಡೋಣ. ಸಾವಿರ ಚದರಡಿಯ ಚಾವಣಿ ಎಂದರೆ ಸುಮಾರು 93 ಚದರ ಮೀಟರ್. ವರ್ಷದಲ್ಲಿ 500 ಮಿಲಿಮೀಟರ್ ಮಳೆ ಬಿದ್ದರೆ 46 ಸಾವಿರ ಲೀಟರಿಗೂ ಹೆಚ್ಚು ನೀರು ಚಾವಣಿಯ ಮೇಲೆ ಬೀಳುತ್ತದೆ, ಐದರಲ್ಲೊಂದು ಪಾಲು ಪೋಲಾದರೂ 37 ಸಾವಿರ ಲೀಟರ್ ಉಳಿಯುತ್ತದೆ. ಅರವತ್ತು ಮಕ್ಕಳ ಕುಡಿಯುವ ನೀರಿಗೆ, ಅಡುಗೆಗೆ ದಿನಕ್ಕೆ 200 ಲೀಟರ್ ಹಿಡಿದರೆ ಅದು 185 ದಿನಕ್ಕಾಯಿತು. ಒಂದರಿಂದ ಐದನೆಯ ತರಗತಿಗೆ ಶಿಕ್ಷಣ ಹಕ್ಕು ಕಾಯ್ದೆ ಹೇಳುವ ಕೆಲಸದ ದಿನಗಳು ವರ್ಷಕ್ಕೆ 200. ಆದರೆ ಮಳೆ ಒಮ್ಮೆಲೇ ಬರುತ್ತದೆ, ತೊಟ್ಟಿ ಹಿಡಿದಷ್ಟೇ ನಮ್ಮದು. ಹತ್ತು ಸಾವಿರ ಲೀಟರಿನ ತೊಟ್ಟಿ ತುಂಬಿದರೆ ಐವತ್ತು ದಿನ ಬಂದೀತು. ಬರೀ ಐವತ್ತು ದಿನವೇ ಎಂದು ಕೆಲವರು ಮೂಗು ಮುರಿಯಬಹುದು, ಬೆಳೆಯುವ ಹಲ್ಲು, ಮೂಳೆಗಳಿಗೆ ಆ ಐವತ್ತು ದಿನವೂ ಬೆಲೆಯುಳ್ಳದ್ದೆಂದು ನಾನು ನಂಬಿದ್ದೇನೆ. ಮೊದಲ ಮಳೆಯ ಧೂಳು ನೀರು ಹೊರಗೆ ಹೋಗುವಂತೆ ಕೊಳವೆಗೊಂದು ತಿರುವು ಇರಲಿ, ಶೋಧಕದ ಜಲ್ಲಿ ಮರಳನ್ನು ಪ್ರತಿವರ್ಷ ತೊಳೆಯಿರಿ, ತೊಟ್ಟಿಗೆ ಸೊಳ್ಳೆ ಹೋಗದಂತೆ ಮುಚ್ಚಳ ಭದ್ರವಾಗಿರಲಿ. ಈ ನೀರನ್ನು ಕಾಯಿಸಿಯೇ ಕೊಡಿ. ಕಲ್ನಾರು ಶೀಟಿನ ಚಾವಣಿಯ ನೀರನ್ನು ಕುಡಿಯಲು ಹಿಡಿಯಬೇಡಿ.

ಶೌಚಾಲಯಕ್ಕೆ ಫ್ಲೋರೈಡ್ ನೀರು ಧಾರಾಳವಾಗಿ ಆಗುತ್ತದೆ. ಬೀಗ ಬಿದ್ದಿರುವುದಕ್ಕೆ ನೀರಿಲ್ಲವೆಂಬುದು ಪೂರ್ತಿ ಕಾರಣವಾಗಿರಲಾರದು. ಒಂದು ಶಾಲೆಯಲ್ಲಿ ಹುಡುಗಿಯರ ಶೌಚಾಲಯದ ಬೀಗದ ಕೈ ಕಚೇರಿ ಕೋಣೆಯಲ್ಲಿ, ಮುಖ್ಯ ಶಿಕ್ಷಕರ ಕುರ್ಚಿಯ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಏಳನೆಯ ತರಗತಿಯ ಹುಡುಗಿ ನಾಲ್ವರು ಗಂಡಸರು ಕುಳಿತ ಕೋಣೆಗೆ ಬಂದು ಕುರ್ಚಿಯ ಹಿಂದೆ ಕೈಚಾಚಿ ಅದನ್ನು ತೆಗೆದುಕೊಳ್ಳಬೇಕಾಗಿತ್ತು. ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಮಧ್ಯಾಹ್ನ ಊಟದ ನೀರನ್ನೂ ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುತ್ತಿದ್ದರೆಂದು ನಮಗೆ ತಿಳಿದದ್ದು ಒಬ್ಬ ತಾಯಿ ಸಭೆಯಲ್ಲಿ ಎದ್ದು ನಿಂತು ಹೇಳಿದ ಮೇಲೆ. ಬೀಗವನ್ನು ತೆಗೆಸಿ, ಒಳಗಿನಿಂದ ಗಟ್ಟಿ ಚಿಲಕ ಹಾಕಿಸಿ, ನೀರಿನ ನಲ್ಲಿ ಒಳಗೇ ಇರಲಿ, ಬಟ್ಟೆ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬವಿರಲಿ. ಸ್ವಚ್ಛತೆಗೆ ಯಾರು, ವಾರಕ್ಕೆ ಎಷ್ಟು ಸಲ, ಅವರಿಗೆ ತಿಂಗಳಿಗೆ ಎಷ್ಟು ಸಂಬಳ, ಆ ಹಣ ಎಲ್ಲಿಂದ ಎಂಬ ನಾಲ್ಕು ವಿಷಯಗಳನ್ನು ಸಮಿತಿಯ ನಡಾವಳಿಯಲ್ಲಿ ಬರೆಸಿ. ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸುವುದು ಸರ್ವಥಾ ಕೂಡದು. ದಾನಿಗಳು ಬಂದಾಗ ಹೊಸ ಕಟ್ಟಡದ ಬದಲು ಇರುವುದನ್ನು ಎರಡು ವರ್ಷ ನಡೆಸುವ ಖರ್ಚನ್ನು ಕೇಳಿ. ಕೇಳಲು ಮುಜುಗರವಾಗುತ್ತದೆ, ಆದರೂ ಕೇಳಿ.

ನಮ್ಮೂರಲ್ಲಿ ಶಾಲೆಯ ಕೆಲಸಕ್ಕೆ ಮನೆಗೊಂದು ಆಳು ಬರಬೇಕು, ಬಾರದವರು ಒಂದು ದಿನದ ಕೂಲಿ ಕಟ್ಟಬೇಕು ಎಂದು ಸಾರಿದ್ದಾರೆ. ನಾನು ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಸಾಕುವವಳು. ಒಂದು ದಿನ ಹೋದರೆ ಆ ದಿನದ ಸಂತೆ ಇಲ್ಲ. ಶೌಚಾಲಯದ ಗುಂಡಿ ತೆಗೆಯುವ ಕೆಲಸ ಮಾತ್ರ ನಮ್ಮ ಕೇರಿಗೆ ಹಂಚಿದ್ದಾರೆ. ಬೇಡ ಎನ್ನಲು ಹೆದರಿಕೆ.
— ಒಬ್ಬ ತಾಯಿ, ಹೊಸದುರ್ಗ ತಾಲ್ಲೂಕು

ಅಮ್ಮ, ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ಶ್ರಮದಾನವೆಂದರೆ ದಾನ, ದಂಡದ ಹೆದರಿಕೆಯಿಂದ ಮಾಡಿಸಿದ್ದು ಬಿಟ್ಟಿ ಚಾಕರಿ. ಯಾವ ಎಸ್‌ಡಿಎಂಸಿಗೂ, ಊರಿನ ಯಾವ ಹಿರಿಯರಿಗೂ ಶಾಲೆಯ ಹೆಸರಿನಲ್ಲಿ ದಂಡ ವಸೂಲು ಮಾಡುವ ಅಧಿಕಾರವಿಲ್ಲ. ನಿಮ್ಮ ಮಕ್ಕಳ ಶಿಕ್ಷಣ ಹಕ್ಕಿಗೂ ನೀವು ದುಡಿಯುವುದಕ್ಕೂ ಯಾವ ಸಂಬಂಧವೂ ಇಲ್ಲ, ನೀವು ಒಂದು ಬುಟ್ಟಿ ಮಣ್ಣು ಹೊರದಿದ್ದರೂ ಆ ಶಾಲೆಯಲ್ಲಿ ಅವರಿಗೆ ಎಲ್ಲರಷ್ಟೇ ಜಾಗವಿದೆ. ಗುಂಡಿಯ ಕೆಲಸವನ್ನು ಒಂದು ಕೇರಿಗೆ ಹಂಚುವುದು ಅನ್ಯಾಯ. ಅದರಲ್ಲೂ ಹಳೆಯ ಗುಂಡಿಯಲ್ಲಿನ ಮಲವನ್ನು ಕೈಯಿಂದ ತೆಗೆಸುವುದಾಗಿದ್ದರೆ ಅದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ, ಯಾರೂ ನಿಮ್ಮನ್ನು ಅದಕ್ಕೆ ಇಳಿಸುವಂತಿಲ್ಲ.

ಒಬ್ಬರೇ ಹೋಗಿ ಹೇಳುವುದು ಕಷ್ಟವೆಂದು ಬಲ್ಲೆ. ನಿಮ್ಮ ಕೇರಿಯ ನಾಲ್ಕು ಜನ ತಾಯಂದಿರು ಒಟ್ಟಿಗೆ ಮುಖ್ಯ ಶಿಕ್ಷಕರ ಬಳಿ ಹೋಗಿ ಹೇಳಿ, ಅಲ್ಲಿ ಬಗೆಹರಿಯದಿದ್ದರೆ ನಿಮ್ಮ ಕ್ಲಸ್ಟರಿನ (ಹತ್ತಿರದ ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಅವರಿಗೆ, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದು ಕೊಡಿ. ಇದನ್ನು ಓದುತ್ತಿರುವ ಸಮಿತಿಗಳ ಅಧ್ಯಕ್ಷರಲ್ಲಿಯೂ ನನ್ನದೊಂದು ವಿನಂತಿ. ಕೆಲಸಗಳ ಪಟ್ಟಿ ಮಾಡಿ ಚೀಟಿ ಎತ್ತಿಸಿ. ಹೊಸ ಗುಂಡಿ ತೋಡುವ ಚೀಟಿ ಯಾರ ಮನೆಗೆ ಬಂದರೂ ಅವರು ಗುದ್ದಲಿ ಹಿಡಿಯಲಿ. ದಿನಗೂಲಿಯವರಿಗೆ ದಿನವಿಡೀ ಬರಬೇಕೆನ್ನದೆ ಸಂಜೆ ಒಂದು ಗಂಟೆ ಕೊಡುವ ಅವಕಾಶವಿರಲಿ, ಅದೂ ಆಗದವರನ್ನು ಕೇಳಲೇಬೇಡಿ. ಕೆಲಸದ ದಿನದ ಊಟವನ್ನು ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವಂತಿರಲಿ. ಇದು ಸಾಧ್ಯವಾಗದ ಊರಿನಲ್ಲಿ ಶಾಲೆಯ ಗೋಡೆ ಎಷ್ಟು ನೇರವಾಗಿ ನಿಂತರೂ ನನಗೆ ಸಂತೋಷವಾಗದು.

ಹಣವನ್ನು ನಮ್ಮ ಸಂಘದ ಒಬ್ಬ ಗೆಳೆಯನ ಖಾತೆಯಲ್ಲಿಟ್ಟು ಖರ್ಚು ಮಾಡಿದರೆ ಬೇಗ ಆಗುತ್ತದೆ. ಎಸ್‌ಡಿಎಂಸಿ ಖಾತೆಗೆ ಹಾಕಲೇಬೇಕೇ?
— ಹೊನ್ನಾಳಿ ತಾಲ್ಲೂಕು

ಬೇಗ ಆಗುವುದು ನಿಜ, ಮನಸ್ತಾಪವೂ ಅಷ್ಟೇ ಬೇಗ ಆಗುತ್ತದೆ. ಶಾಲೆಗೆಂದು ಕೂಡಿಸಿದ ಹಣ ಮುಖ್ಯ ಶಿಕ್ಷಕರು ಮತ್ತು ಸಮಿತಿಯ ಅಧ್ಯಕ್ಷರ ಜಂಟಿ ಖಾತೆಯ ಮೂಲಕ ಹೋಗಲಿ, ಕೊಟ್ಟವರಿಗೆಲ್ಲ ರಸೀದಿ ಸಿಗಲಿ. ವಸ್ತುವಿನ ರೂಪದಲ್ಲಿ ಕೊಟ್ಟದ್ದು ದಾಸ್ತಾನು ಪುಸ್ತಕಕ್ಕೆ ಏರಬೇಕು. ಕೆಲಸ ಮುಗಿದ ದಿನವೇ ಜಮಾ ಖರ್ಚನ್ನು ದೊಡ್ಡಕ್ಷರದಲ್ಲಿ ಬರೆದು ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿ. ಐದು ರೂಪಾಯಿಯ ಮೊಳೆಯ ಲೆಕ್ಕವೂ ಅದರಲ್ಲಿರಲಿ.

ಕಾಂಪೌಂಡ್ ಕಟ್ಟಲು ಹೋದರೆ ಪಕ್ಕದ ಹೊಲದವರು ಜಾಗ ತಮ್ಮದೆನ್ನುತ್ತಾರೆ. ಅವರ ತಾತನೇ ಶಾಲೆಗೆ ಬಾಯಿಮಾತಿನಲ್ಲಿ ಕೊಟ್ಟದ್ದು ಊರಿಗೆಲ್ಲ ಗೊತ್ತು.
— ಹಿರಿಯೂರು ತಾಲ್ಲೂಕು

ಊರಿಗೆ ಗೊತ್ತಿರುವುದು ಕಾಗದದಲ್ಲಿ ಇರದಿದ್ದರೆ ಕಷ್ಟ. ಸ್ಥಿರಾಸ್ತಿಯ ದಾನಕ್ಕೆ ದಾನಿಯ ಸಹಿ, ಇಬ್ಬರು ಸಾಕ್ಷಿಗಳು, ನೋಂದಣಿ ಇವೆಲ್ಲ ಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. ಮೊದಲು ಪಹಣಿ, ಗ್ರಾಮ ಪಂಚಾಯಿತಿಯ ಖಾತೆ ಯಾರ ಹೆಸರಿನಲ್ಲಿವೆ ನೋಡಿ, ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯರ್ ಅವರಿಂದ ಗಡಿ ಗುರುತಿಸಿಕೊಳ್ಳಿ. ಜಗಳಕ್ಕಿಳಿಯುವ ಮುನ್ನ ಆ ಮನೆಗೆ ಹೋಗಿ. ಕೊಟ್ಟ ಹಿರಿಯರ ಹೆಸರನ್ನು ಶಾಲೆಯಲ್ಲಿ ಇದುವರೆಗೆ ಎಲ್ಲಿಯಾದರೂ ಬರೆದಿದ್ದೀರಾ? ಬರೆದಿರದಿದ್ದರೆ ಅಲ್ಲಿಂದಲೇ ಮಾತು ಶುರು ಮಾಡಿ. ಅಂಥ ಒಂದು ಮನೆಯವರು ತಾತನ ಹೆಸರಿನ ಕಲ್ಲು ಬಾಗಿಲ ಬಳಿ ನಿಲ್ಲುತ್ತದೆಂದು ತಿಳಿದ ಮೇಲೆ ತಾವೇ ನೋಂದಣಿ ಕಚೇರಿಗೆ ಬಂದು ದಾನಪತ್ರ ಮಾಡಿಕೊಟ್ಟದ್ದನ್ನು ನಾನು ಬಲ್ಲೆ. ಕಾಗದ ಸರಿಯಾಗುವವರೆಗೆ ಸ್ವಯಂಸೇವಕರನ್ನು ಆ ಗಡಿಯ ಹತ್ತಿರ ಕೆಲಸಕ್ಕೆ ಬಿಡಬೇಡಿ. ಸರಿಯಾದ ಮೇಲೆ ಗೋಡೆಗೆ ಪಂಚಾಯಿತಿಯ ಯಾವ ಯೋಜನೆಯಲ್ಲಿ ಅನುದಾನ ಸಿಗುತ್ತದೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ, ಗ್ರಾಮಸಭೆಯಲ್ಲಿಯೂ ಎತ್ತಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಿದರೆ ಇನ್ನೂ ಒಳ್ಳೆಯದು.

ನಾವು ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯವರು. ಏಳು ದಿನದ ಶಿಬಿರಕ್ಕೆ ಐವತ್ತು ಜನ ಒಂದು ಹಳ್ಳಿಯ ಶಾಲೆಗೆ ಹೋಗುತ್ತಿದ್ದೇವೆ. ನಮ್ಮಲ್ಲಿ ಯಾರಿಗೂ ಗಾರೆ, ಮರಗೆಲಸ ಬಾರದು. ಏನು ಮಾಡಿದರೆ ಉಪಯೋಗವಾದೀತು?
— ವಿದ್ಯಾರ್ಥಿನಿ, ದಾವಣಗೆರೆ

ಕೆಲಸ ಬಾರದೆಂದು ಒಪ್ಪಿಕೊಂಡು ಕೇಳಿದ್ದೀರಿ, ನನಗೆ ಬಹಳ ಸಂತೋಷವಾಯಿತು. 1969ರಲ್ಲಿ ಸೇವಾ ಯೋಜನೆ ಆರಂಭವಾದಾಗಿನಿಂದ ಹಳ್ಳಿಗಳು ನಿಮ್ಮಂಥ ಎಷ್ಟೋ ಶಿಬಿರಗಳನ್ನು ಕಂಡಿವೆ. ಮುಳ್ಳು ಕಡಿದು ರಾಶಿ ಹಾಕಿ, ಏಳನೆಯ ದಿನ ಸಮಾರೋಪ ಮುಗಿಸಿ ಹೋದ ಶಿಬಿರದ ನೆನಪು ಮುಂದಿನ ಮಳೆಗೇ ಹೋಗುತ್ತದೆ.

ಐವತ್ತರಲ್ಲಿ ಹತ್ತು ಜನ ಊರಿನ ಮೇಸ್ತ್ರಿ, ಬಡಗಿಯ ಕೈಕೆಳಗೆ ಆಳುಗಳಾಗಿ ನಿಲ್ಲಿ. ಮರಳು ಜರಡಿ ಹಿಡಿಯುವುದು, ಹೆಂಚು ತೊಳೆಯುವುದು, ಕ್ಯೂರಿಂಗಿಗೆ ನೀರುಣಿಸುವುದು ಮೊದಲ ದಿನವೇ ಬರುತ್ತದೆ. ಇನ್ನು ಹತ್ತು ಜನ ಇಡೀ ಶಾಲೆಯ ಅಳತೆ ತೆಗೆದು ಪ್ರತಿ ಕೋಣೆಯ ನಕ್ಷೆ ಬರೆದು, ಬಿರುಕು, ಸೋರುವ ಜಾಗ, ಕೆಟ್ಟ ಸ್ವಿಚ್ಚು, ಮುರಿದ ಚಿಲಕಗಳನ್ನು ಗುರುತು ಹಾಕಿ, ಶಾಲಾ ಅಭಿವೃದ್ಧಿ ಯೋಜನೆಗೆ ಲಗತ್ತಿಸಬಹುದಾದಂತೆ ಸಿದ್ಧಪಡಿಸಿ. ಅಂಥ ಒಂದು ಕಡತ ಕೈಯಲ್ಲಿದ್ದರೆ ಸಮಿತಿಯವರು ಯಾವ ಕಚೇರಿಯ ಮೆಟ್ಟಿಲನ್ನಾದರೂ ಧೈರ್ಯವಾಗಿ ಹತ್ತುತ್ತಾರೆ. ಗ್ರಂಥಾಲಯದ ಪುಸ್ತಕಗಳು ಬೀರುವಿನಲ್ಲಿ ಗಂಟು ಕಟ್ಟಿ ಇದ್ದರೆ ಅವನ್ನು ಬಿಡಿಸಿ, ಹರಿದದ್ದಕ್ಕೆ ಹೊಲಿಗೆ ಹಾಕಿ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಹಗ್ಗ ಕಟ್ಟಿ ತೂಗುಹಾಕಿ. ಬೇವು, ಹೊಂಗೆ ಸಸಿ ನೆಡುವುದಾದರೆ ಬೇಸಿಗೆಯಲ್ಲಿ ನೀರೆರೆಯುವ ಮಗುವಿನ ಹೆಸರು ಗೊತ್ತಾದ ಮೇಲೆ ನೆಡಿ.

ಊಟ, ವಸತಿಯಲ್ಲಿ ಊರಿನ ಮೇಲೆ ಭಾರ ಹಾಕಬೇಡಿ. ಕೊನೆಯ ದಿನ ಭಾಷಣಗಳನ್ನು ಅರ್ಧಕ್ಕಿಳಿಸಿ ತಾಯಂದಿರೊಂದಿಗೆ ಕುಳಿತು, ತಾರಸಿಯ ಕೊಳವೆಯನ್ನು ತಿಂಗಳಿಗೊಮ್ಮೆ ನೋಡುವವರು ಯಾರು, ತೊಟ್ಟಿ ತೊಳೆಸುವವರು ಯಾರು ಎಂದು ಬರೆದುಕೊಳ್ಳಿ. ಸೆಪ್ಟೆಂಬರಿನ ಮೊದಲ ದೊಡ್ಡ ಮಳೆ ಬಂದ ಮಾರನೆಯ ದಿನ ನಿಮ್ಮಲ್ಲಿ ನಾಲ್ಕು ಜನ ಮತ್ತೆ ಆ ಶಾಲೆಗೆ ಹೋಗಿ, ನೀವೇ ಬರೆದ ನಕ್ಷೆಯನ್ನು ಕೈಯಲ್ಲಿ ಹಿಡಿದು ಕೋಣೆ ಕೋಣೆಯ ಚಾವಣಿಯನ್ನು ನೋಡಿ ಬನ್ನಿ. ಏಣಿ ಊರಿನಲ್ಲಿ ಸಿಗುತ್ತದೆ, ಒಂದು ಟಾರ್ಚನ್ನು ಮಾತ್ರ ಒಯ್ಯಿರಿ.